ರಾಜನ ನಿಲುವಂಗಿ ಒಣಗಿದ್ದು

ನಿಲುವಂಗಿ ನುಸಿಗುಳಿಗೆ ನಾರುತ್ತಿತ್ತು, ಅಷ್ಟೇ. ಹಾಗೇ ತೊಟ್ಟುಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅಂಚೆ ಕಚೇರಿಯ ಗುಮಾಸ್ತರಿಗೆ ರಾಜನ ಪಾತ್ರ ಸಿಕ್ಕಿದ್ದು ಜೀವಮಾನದಲ್ಲಿ ಅದೇ ಮೊದಲು. ಊರಿನ ಹವ್ಯಾಸಿ ತಂಡದಲ್ಲಿ ಅವರು ಯಾವತ್ತೂ ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವ ಕಾವಲುಗಾರ. "ಮಹಾಪ್ರಭು, ದೂತ ಬಂದಿದ್ದಾನೆ" ಎನ್ನುವುದಕ್ಕಿಂತ ಉದ್ದದ ಮಾತು ಅವರ ಪಾಲಿಗೆ ಬಂದದ್ದೇ ಇಲ್ಲ. ಕಾಯಂ ರಾಜರಾಗಿದ್ದ ಹಲ್ಲಿನ ಡಾಕ್ಟರು ನಾಟಕದ ಹಿಂದಿನ ದಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಈಟಿ ಹಿಡಿದು ನಿಂತೂ ನಿಂತೂ ಇಡೀ ನಾಟಕ ಬಾಯಿಪಾಠವಾಗಿದ್ದವರು ಗುಮಾಸ್ತರೊಬ್ಬರೇ. ಹಾಗಾಗಿ ಕಿರೀಟ ಅವರ ತಲೆಗೆ ಬಂತು.

ನಾಟಕದ ದಿನ ಬೆಳಿಗ್ಗೆ ಏಳುತ್ತಲೇ, ಹೆಂಡತಿ ಬೇಡ ಬೇಡವೆಂದರೂ ಕೇಳದೆ, ಆ ದಪ್ಪ ಮಖಮಲ್ಲಿನ ನಿಲುವಂಗಿಯನ್ನು ಬಕೆಟ್ಟಿನಲ್ಲಿ ಅದ್ದಿದರು. ಅದ್ದಿದ ಮೇಲೆ ಕಿಟಕಿಯಾಚೆ ನೋಡಿದರು. ಜಡಿಮಳೆ.

ಆದರೂ ಎದೆಗುಂದಲಿಲ್ಲ. ಭಾವಮೈದುನ ಮನೆ ಬದಲಿಸುವಾಗ ಬಿಟ್ಟುಹೋದ ಡ್ರೈಯರ್ ಇತ್ತಲ್ಲ. ಬಿಸಿಗಾಳಿಯಲ್ಲಿ ಬಟ್ಟೆ ಹೊರಳಿಸಿ, ಏಳುವ ಹಬೆಯನ್ನು ಕಂಡೆನ್ಸರಿನಲ್ಲಿ ತಣಿಸಿ, ಆ ನೀರನ್ನು ತನ್ನ ಹೊಟ್ಟೆಯ ಡಬ್ಬಿಯಲ್ಲೇ ತುಂಬಿಕೊಳ್ಳುವ ಜಾತಿಯದು. ಗುಮಾಸ್ತರು ಗುಂಡಿ ಒತ್ತಿದರು. ನಿಲುವಂಗಿ ಒಳಗೆ ಒಂದೆರಡು ಪಲ್ಟಿ ಹೊಡೆಯಿತು. ಟಪ್ ಎಂದಿತು. ಇಡೀ ಮನೆಯ ಕರೆಂಟು ಹೋಯಿತು.

ಒಳಕೋಣೆಯಲ್ಲಿ ಮಾವನವರ ಟಿವಿ ನಿಂತಿತು. ಪಂದ್ಯದ ಕೊನೆಯ ಓವರು ನಡೆಯುತ್ತಿತ್ತು. ರೈಲು ಓಡಿಸಿ ನಿವೃತ್ತರಾದ ಅವರು ಸುರಂಗಕ್ಕೆ ನುಗ್ಗುವ ಎಂಜಿನ್ನಿನ ಹಾಗೆ ಅಳಿಯನನ್ನು ಕೂಗಿದರು. ಗುಮಾಸ್ತರು ಸ್ಟೂಲು ಹತ್ತಿ ಟ್ರಿಪ್ಪಾದ ಸ್ವಿಚ್ಚು ಎತ್ತಿದರು, ಇಳಿದು ಬಂದು ಗುಂಡಿ ಒತ್ತಿದರು. ಮತ್ತೆ ಟಪ್.

ಗಲಾಟೆಗೆ ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಮೇಲೆ ಬಂದರು. ಕರೆದಲ್ಲಿಗೆ ತಡವಾಗಿ, ಕರೆಯದಲ್ಲಿಗೆ ಮೊದಲು ಹೋಗುವವರು ಅವರು. ಲೋಡ್ ಜಾಸ್ತಿಯಾಗಿದೆ ಎಂದು ತೀರ್ಪು ಕೊಟ್ಟು ಫ್ರಿಜ್ಜು, ಮಿಕ್ಸಿ, ಟಿವಿ ಎಲ್ಲದರ ಪ್ಲಗ್ಗು ಕೀಳಿಸಿದರು. ಮನೆಯಲ್ಲಿ ಡ್ರೈಯರೊಂದೇ ಉಳಿಯಿತು. ಎರಡು ಪಲ್ಟಿ, ಟಪ್.

ಹಾಗಾದರೆ ಕಸ ಕಟ್ಟಿರಬೇಕು ಎಂದರು. ಜಾಲರಿ ಎಳೆದರೆ ಬೆಕ್ಕಿನಮರಿಯಷ್ಟು ಬಟ್ಟೆಯ ನಾರು ಬಂತು. ಮೇಷ್ಟ್ರಿಗೆ ಹುರುಪು ಬಂದು ಕಂಡೆನ್ಸರನ್ನೂ ಹೊರಗೆಳೆಸಿ, ಬಚ್ಚಲಲ್ಲಿ ತೊಳೆಸಿ, ಒರೆಸಿ ಕೂರಿಸಿದರು. ಎರಡು ಪಲ್ಟಿ, ಟಪ್.

"ಯಂತ್ರದ್ದೇನೂ ತಪ್ಪಿಲ್ಲ, ನಿಮ್ಮ ವೈರಿಂಗೇ ಸರಿಯಿಲ್ಲ. ನಮ್ಮನೆಗೆ ತನ್ನಿ, ಹ್ಯಾಗೆ ಓಡುತ್ತೆ ನೋಡಿ" ಎಂದರು.

ಇಬ್ಬರೂ ಸೇರಿ ಆ ಭಾರವನ್ನು ಮೆಟ್ಟಿಲಿಳಿಸಿದರು. ಡಬ್ಬಿಯಲ್ಲಿದ್ದ ಹಳೆಯ ನೀರು ಖಾಲಿ ಮಾಡಲು ಮರೆತಿದ್ದರಿಂದ ಅದು ಒಂದೊಂದು ಮೆಟ್ಟಿಲಿಗೂ ಮೇಷ್ಟ್ರ ಪಾದ ತೊಳೆಯಿತು. ಕೆಳಗೆ ಮೇಷ್ಟ್ರ ಹೆಂಡತಿ ಗಿರಾಕಿಯೊಬ್ಬರ ಕೋಟಿಗೆ ಕಸೂತಿ ಮೆಷಿನ್ನಿನಲ್ಲಿ ಹೂವು ಹಾಕುತ್ತಿದ್ದರು. ಎರಡು ಪಲ್ಟಿ, ಟಪ್. ಹೂವು ಅರ್ಧಕ್ಕೇ ನಿಂತಿತು. ಆಕೆ ದನಿ ಏರಿಸಲಿಲ್ಲ.

"ಉಳಿದರ್ಧ ನೀವೇ ಕೂತು ಮುಗಿಸಿ. ಚಿತ್ರ ಬರೆಯೋರಲ್ವಾ" ಎಂದು ಗಂಡನ ಕೈಗೆ ಸೂಜಿ ಕೊಟ್ಟರು.

ಗುಮಾಸ್ತರು ಡ್ರೈಯರಿನ ಪಕ್ಕ ಕುಸಿದು ಕೂತರು. ಮಧ್ಯಾಹ್ನ ಜಾರುತ್ತಿತ್ತು. ಕಾವಲುಗಾರನಾಗಿ ಹುಟ್ಟಿದವನು ಕಾವಲುಗಾರನಾಗಿಯೇ ಸಾಯಬೇಕೇನೋ ಎನಿಸಿತು. ಅಷ್ಟರಲ್ಲಿ ಅವರ ಹೆಂಡತಿ ಇಳಿದು ಬಂದರು.

"ಹಾಕಿದ ತಕ್ಷಣ ಹೋಗ್ತಿಲ್ಲ ರೀ, ಬಿಸಿಯಾಗೋಕೆ ಶುರುವಾದಾಗ ಹೋಗ್ತಿದೆ. ಕೆಟ್ಟಿರೋದು ಹೀಟರು. ಬರೀ ತಣ್ಣನೆ ಗಾಳಿಗೆ ತಿರುಗಿಸಿ."

ತಿರುಗಿಸಿದರು. ಎರಡು ಪಲ್ಟಿಯಾಯಿತು, ಹತ್ತಾಯಿತು, ದೀಪ ಆರಲಿಲ್ಲ. ಮಾವನವರು ಮೇಲಿನಿಂದಲೇ ಚಪ್ಪಾಳೆ ತಟ್ಟಿದರು. ತಣ್ಣನೆ ಗಾಳಿಗೆ ನೀರಿಳಿದ ನಿಲುವಂಗಿಯನ್ನು ಮೇಜಿನ ಮೇಲೆ ಹರಡಿ, ಎಲ್ಲರೂ ಮುತ್ತಿಕೊಂಡರು. ಹೆಂಡತಿ ಬೆನ್ನಿಗೆ ಇಸ್ತ್ರಿ ಒತ್ತಿದರು, ಮೇಷ್ಟ್ರ ಹೆಂಡತಿ ಕೋಪ ಮರೆತು ಕೂದಲೊಣಗಿಸುವ ಯಂತ್ರವನ್ನು ತೋಳಿನೊಳಗೆ ತೂರಿಸಿದರು, ಮೇಷ್ಟ್ರು ಡ್ರಾಯಿಂಗ್ ಹಲಗೆಯಿಂದ ಗಾಳಿ ಬೀಸಿದರು. ಕೆಳಗಿಳಿದು ಬಂದ ಮಾವನವರು ಸ್ಟೇಷನ್ನಿನಲ್ಲಿ ಗಾಡಿ ಬಿಡುವವರಂತೆ "ಕಾಲರ್ ಆಯ್ತು, ಮುಂದೆ ಹೋಗ್ಲಿ" ಎಂದು ಹುರಿದುಂಬಿಸಿದರು. ನಡುವೆ ಗುಮಾಸ್ತರು ರಾಜನ ಮಾತುಗಳನ್ನು ಗಟ್ಟಿಯಾಗಿ ಹೇಳುತ್ತ ಶತಪಥ ಹಾಕಿದರು. ಹೊತ್ತು ಮುಳುಗುವಷ್ಟರಲ್ಲಿ ನಿಲುವಂಗಿ ಗರಿಗರಿಯಾಯಿತು.

ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು, ತಾವು ನೆನೆದರೂ ಅದನ್ನು ನೆನೆಯಗೊಡದೆ ರಂಗಮಂದಿರ ಸೇರಿದರು. ತೊಟ್ಟು ಕನ್ನಡಿಯ ಮುಂದೆ ನಿಂತರೆ, ನಿಜಕ್ಕೂ ರಾಜ. ನಿರ್ದೇಶಕರು ಬಂದು ಹೆಗಲು ತಟ್ಟಿದರು. ಅವರ ಕಣ್ಣು ಹೊಳೆಯುತ್ತಿತ್ತು. ಪಕ್ಕದೂರಿನ ತಂಡದವರಿಂದ ಗುಡುಗಿನ ಯಂತ್ರ ಎರವಲು ಸಿಕ್ಕಿದೆಯಂತೆ. ಅದಕ್ಕಾಗಿ ಮೊದಲ ದೃಶ್ಯವನ್ನೇ ಬದಲಿಸಿದ್ದಾರಂತೆ. ರಾಜ ಈಗ ಬಿರುಗಾಳಿಯಲ್ಲಿ ಹೊಳೆ ಈಜಿ ಬರುತ್ತಾನೆ.

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಇಬ್ಬರು ಸೈನಿಕರು ಎರಡು ಬಕೆಟ್ ನೀರನ್ನು ಅವರ ತಲೆಯ ಮೇಲಿಂದ ಸುರಿದರು.

ರಂಗಕ್ಕೆ ಬಂದ ರಾಜ ಗಡಗಡ ನಡುಗಿದ. ಕಣ್ಣಲ್ಲಿ ನಿಜವಾದ ನೀರು. ಇಂಥ ಅಭಿನಯ ಕಂಡಿರಲಿಲ್ಲವೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ನಿರ್ದೇಶಕರು ಓಡಿಬಂದು ಒದ್ದೆ ರಾಜನನ್ನು ತಬ್ಬಿಕೊಂಡರು.

"ಇನ್ನು ಎಲ್ಲ ಆಟಕ್ಕೂ ನೀವೇ ರಾಜ, ಹೀಗೇ ಬರಬೇಕು. ನಾಳೆ ಬೆಳಿಗ್ಗೆ ಶಾಲೆ ಮಕ್ಕಳಿಗೆ ಆಟ ಇದೆ. ನಿಲುವಂಗಿ ಒಣಗಿಸ್ಕೊಂಡು ಬನ್ನಿ. ನೆನೆಸೋದು ನಮಗಿರಲಿ."