ಅಂಜಿಕಿ ಕಾಲದ ನಾಣ್ಯದ ಡಬ್ಬಿ

ನನ್ನಂಥಾ ಅಂಜುಬುರುಕನ್ನ ಹುಡುಕ್ಕೊಂಡು ಇಂಥಾ ಪ್ರಸಂಗ ಬರತಾನ ಇರತಾವ್ರಿ. ಧೈರ್ಯಸ್ಥರ ಮನಿ ಮುಂದಿಂದ ಹಾದು, ವಿಳಾಸ ಕೇಳಿಕೊಂಡು ಬಂದು, ನಮ್ಮನಿ ಬಾಗಲಾನ ಬಡೀತಾವ.

ನಾ ಬೈಲಹೊಂಗಲದಾಂವ, ಬಸ್ ಕಂಡಕ್ಟರ್. ಸವದತ್ತಿ, ರಾಮದುರ್ಗ, ಕಿತ್ತೂರ ಅಂತ ತಿರಗಾಕ ಹತ್ತಿ ಇಪ್ಪತ್ತು ವರ್ಷದ ಮ್ಯಾಲಾತು. ಚಿಲ್ಲರಿ ಒಳಗ ಯಾವುದರ ಹಳೇ ನಾಣ್ಯ ಬಂದ್ರ ನನ್ನ ರೊಕ್ಕಾ ಕಂಡಕ್ಟರ್ ಚೀಲಕ್ಕ ಹಾಕಿ, ಅದನ್ನ ಕಿಸೆದಾಗ ಇಟಗೊಳ್ಳೂದು ನನ್ನ ಹುಚ್ಚು. ಹಂಗ ಕೂಡಿಸಿ ಮನ್ಯಾಗ ಒಂದು ಬಿಸ್ಕೀಟಿನ ಡಬ್ಬಿ ತುಂಬಿತ್ತು. ಅದರಾಗ ನನ್ನ ಜೀವ ಅಂದ್ರ ಒಂದ ನಾಣ್ಯ. ಹೂಲಿ ಊರಾಗ ಹತ್ತಿದ ಅಜ್ಜಿ ಒಬ್ಬಾಕಿ ಟಿಕೀಟಿಗೆ ಕಡಿಮಿ ಬಿತ್ತಂತ ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದು. ಮರಾಠರ ಕಾಲದ ದಪ್ಪನ ತಾಮ್ರದ ದುಡ್ಡು. "ಇದು ನಡೀತೈತೇನಪಾ?" ಅಂದ್ಲು. "ನಡೀತೈತಿ ಯವ್ವಾ" ಅಂದು ಲಗೂನ ಕಿಸೆಕ್ಕ ಇಳಿಸಿದೆ. ಅದರ ಬೆಲಿ ಎಷ್ಟಂತ ನನಗ ಇವತ್ತಿಗೂ ಗೊತ್ತಿಲ್ಲ. ಕಳಕೊಂಡೇನು ಅನ್ನೂ ಅಂಜಿಕಿ ಮಾತ್ರ ಅವತ್ತಿಂದ ಸುರು ಆತು.

ಮೊನ್ನೆ ಗಾಡ್ಯಾಗ ಕಾಲೇಜಿನ ಮಾಸ್ತರೊಬ್ಬರು ಕೇಳಿದ್ರು, "ಲಾಕ್‌ಡೌನಿನ್ಯಾಗ ಮನ್ಯಾಗ ಕುಂತ ಮಂದಿಗೆ ನಾಣ್ಯ ಕೂಡಸೂ ಆಸಕ್ತಿ ಹೆಚ್ಚಾತಂತ, ಖರೇನೇನ್ರಿ?" ಖರೇನ್ರಿ. ಆದ್ರ ಅದು ಆಸಕ್ತಿ ಅಲ್ಲ, ಅಂಜಿಕಿ. ಟಿವಿ ಹಚ್ಚಿದ್ರ ಸತ್ತವರ ಲೆಕ್ಕ. ಯಾರಿಗರ ಫೋನ್ ಹಚ್ಚಿದ್ರ ಮೊದಲ ಒಂದು ಕೆಮ್ಮು ಕೇಳತಿತ್ತು, ಆಮ್ಯಾಲ ಉಪದೇಶ. ಕೈಯಾಗ ಏನರ ಗಟ್ಟಿ ಹಿಡಕೊಂಡು ಕುಂದ್ರಬೇಕಾಗಿತ್ತು, ನಾವು ನಾಣ್ಯ ಹಿಡಕೊಂಡ್ವಿ.

ಐದು ಸೀಟಿ

ಲಾಕ್‌ಡೌನ್ ಬಿದ್ದು ನಾಕನೇ ದಿನ ನಮ್ಮಾಕಿಗೆ ಒಂದು ವಿಚಾರ ಬಂತು. ಈ ಮನ್ಯಾಗ ಎಲ್ಲಾಕ್ಕಿಂತ ಹೆಚ್ಚು ಮಂದಿ ಮುಟ್ಟಿದ ವಸ್ತು ಯಾವುದು? ನನ್ನ ಡಬ್ಬಿ!

"ಯಾರ ಕೈಯಾಗ ಇದ್ದು ಬಂದಾವೋ, ಯಾರು ಬಾಯಾಗ ಹಿಡಕೊಂಡು ಬಸ್ ಹತ್ತಿದ್ರೋ!" ಅಂತ ಡಬ್ಬಿಯಿಂದ ಎರಡು ಹೆಜ್ಜಿ ಹಿಂದ ಸರದ್ಲು.

"ಏ, ನೂರು ವರ್ಷದ ಹಿಂದಿನ ನಾಣ್ಯಕ್ಕ ಎಲ್ಲಿಂದ ಬರಬೇಕು ಕೊರೊನಾ?" ಅಂದೆ.

"ಆಗಿಂದು ಪ್ಲೇಗ್ ಇರತೈತಿ!"

ನಾ ಎದ್ದು ಜಳಕಾ ಮಾಡಾಕ ಹೋದೆ. ಹೊರಗ ಬರೂದ್ರಾಗ ಅಡಗಿ ಮನ್ಯಾಗ ಕುಕ್ಕರ್ ಕೂಗಾಕ ಹತ್ತಿತ್ತು, ಹುಣಸಿ ಹಣ್ಣಿನ ವಾಸನಿ ಮನಿ ತುಂಬ. ನನ್ನ ಡಬ್ಬಿ ಒಲಿ ಬಾಜೂಕ ಖಾಲಿ ಬಿದ್ದಿತ್ತು. ಟಾವೆಲ್ ಸುತಗೊಂಡ ನೆಲಕ್ಕ ಕುಂತೆ.

"ಎಷ್ಟು ಸೀಟಿ ಆತು?"

"ಬ್ಯಾಳಿಗಾದ್ರ ಮೂರು ಸಾಕು. ಇದಕ್ಕ ಐದು."

ನಾಣ್ಯದ ಮ್ಯಾಲಿನ ಹಳೇ ಕಪ್ಪು ಹೋದ್ರ ಅದರ ಮಾನಾನ ಹೋತಂತ ನಮ್ಮ ಹುಚ್ಚಿನವರ ಲೆಕ್ಕ. ರಾಮದುರ್ಗದಾಗ ಮಗ್ಗದ ಕೆಲಸಾ ಮಾಡೂ ಗೆಳ್ಯಾ ಒಬ್ಬ ಅದಾನ, ನನಗಿಂತ ಹುಚ್ಚ. ಅವಗ ಫೋನ್ ಹಚ್ಚಿದೆ. "ಹೊಳೀತಾವೇನೋ?" ಅಂತ ಸಣ್ಣ ಧ್ವನಿಲೆ ಕೇಳಿದ. "ಹಬ್ಬದಾಗ ತಿಕ್ಕಿದ ತಂಬಿಗಿಗತೆ ಹೊಳೀತಾವು" ಅಂದೆ. ಸತ್ತವರ ಮನಿಗೆ ಮಾತಾಡಿಸಾಕ ಬಂದವರಂಗ, "ಹೂಲಿ ಅಜ್ಜಿದು?" ಅಂದ. ಅದೊಂದು ನನ್ನ ಅಂಗಿ ಕಿಸೆದಾಗ ಇತ್ತು, ಪುಣ್ಯಾಕ್ಕ ಉಳದಿತ್ತು.

ಸಂಜಿಗೆ ಅದ ಕುಕ್ಕರಿನ್ಯಾಗ ಮಾಡಿದ ಸಾರು ತಾಟಿಗೆ ಬಂತು. ಉಣ್ಣಾಕ ಅಂಜಿಕಿ ಆತು. ನಮ್ಮಾಕಿ ಅಂದ್ಲು, "ಉಣ್ಣ್ರಿ. ಇಪ್ಪತ್ತು ವರ್ಷ ಕಂಡಕ್ಟರಕಿ ಮಾಡಿದ್ರೂ ರೊಕ್ಕಾ ತಿಂದಾನ ಅಂತ ನಿಮಗ ಯಾರೂ ಅಂದಿಲ್ಲ. ಇವತ್ತೊಂದಿನ ಅನ್ನಲಿ."

ಯಾವ ರಾಣಿ?

ಕಿತ್ತೂರ ಕಡೆ ಗೌಡ್ರೊಬ್ಬರು ನನ್ನ ಗಾಡಿ ಖಾಯಂ ಪ್ರಯಾಣಿಕರು. ಕಬ್ಬಿನ ಗದ್ದಲದಾಗ ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಓಡಾಡತಿದ್ರು. ಅವರ ಧ್ವನಿ ಅಂದ್ರ ಡ್ರೈವರ್ ಸೈತ ಬ್ರೇಕ್ ಹಾಕತಿದ್ದ. ಅಂಥವರು ಒಂದಿನ ಪಿಸುಪಿಸು ಮಾತಿಲೆ ಫೋನ್ ಮಾಡಿದ್ರು.

"ಕಂಡಕ್ಟರ್, ರಾಣಿ ಚಿತ್ರದ ಬೆಳ್ಳಿ ರೂಪಾಯಿಗೆ ಲಕ್ಷಗಟ್ಟಲೆ ಕೊಡತಾರಂತ ಮೊಬೈಲಿನ್ಯಾಗ ಬಂದೈತಿ. ನಮ್ಮಲ್ಲಿ ಒಂದೈತಿ. ಮಾರಾಂಗಿಲ್ಲ ಮತ್ತ! ನಮ್ಮ ಕಿತ್ತೂರ ರಾಣಿ ಆಕಿ. ಮೂರು ತಲಿಮಾರಿಂದ ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡತೇವಿ. ಈ ಕೊರೊನಾ ಜಡ್ಡು ಬಂದಾಗಿಂದ ದಿನಕ್ಕ ಎರಡು ಹೊತ್ತು. ನಮ್ಮನಿ ಕಾಯಾಕಿ ಆಕೀನ."

ಫೋಟೋ ಕಳಿಸಿದ್ರು. ಕುಂಕುಮದ ಅಡ್ಯಾಗಿಂದ ಇಂಗ್ಲೆಂಡಿನ ರಾಣಿ ಕಿರೀಟ ಹಾಕ್ಕೊಂಡು ಇಣುಕಾಕ ಹತ್ತಿದ್ಲು. ಹೇಳಲ್ಯೋ ಬಿಡಲ್ಯೋ ಅಂತ ಫೋಟೋ ಎರಡು ಸಲ ದೊಡ್ಡದು ಮಾಡಿ ನೋಡಿದೆ.

"ಗೌಡ್ರ, ಸುತ್ತೂಕಡೆ ಇಂಗ್ಲಿಷ್ ಅಕ್ಷರ ಅದಾವಲ್ರಿ."

"ಇರಲಿ. ನಮ್ಮ ರಾಣಿಗೆ ಇಂಗ್ಲಿಷ್ ಬರತಿದ್ದಿಲ್ಲಂತ ನಿನಗ ಯಾರ ಹೇಳ್ಯಾರ?"

ಕಡೀಕ ಧೈರ್ಯ ಮಾಡಿ ಹೇಳೇಬಿಟ್ಟೆ. ಇಕಿ ನಮ್ಮ ಕಿತ್ತೂರಾಕಿ ಅಲ್ರಿ, ನಮ್ಮ ರಾಣಿ ಯಾರ ಮ್ಯಾಲ ಕತ್ತಿ ಹಿರದ್ಲೋ ಅವರ ಪೈಕಿ ಇಕಿ ಅಂತ.

"ಅಂದ್ರ ಮೂರು ತಲಿಮಾರು ವೈರಿಗೆ ಕುಂಕುಮ ಏರಿಸೇವಿ?"

"ಇವತ್ತಿಂದ ಬಿಟ್ಟುಬಿಡ್ರಿ ಗೌಡ್ರ, ಏನಾಕ್ಕೈತಿ."

"ಬ್ಯಾಡೋ ಮಾರಾಯಾ" ಅಂದ್ರು ಗೌಡ್ರು. "ಜಡ್ಡು ಇನ್ನೂ ಊರಾಗ ಐತಿ. ಸದ್ಯಕ್ಕ ಯಾವ ರಾಣಿನ್ನೂ ಸಿಟ್ಟಿಗೆಬ್ಬಸೂದು ಬ್ಯಾಡ."

ನಿಂಬಿಹಣ್ಣು

ನಮ್ಮ ಓಣಿ ಕಿರಾಣಿ ಸಾವಕಾರಗೂ ಅದ ಹೊತ್ತಿನ್ಯಾಗ ಈ ಹುಚ್ಚು ಹತ್ತಿತು. ಅವನ ಕಡೆ ಒಂದು ತೂತಿನ ದುಡ್ಡು ಇತ್ತು, ನನ್ನ ಕಡೆ ಹಳೇ ಒಂದಾಣೆ ಎರಡಿದ್ವು. ಅದಲು ಬದಲು ಮಾಡೂದಂತ ಫೋನಿನ್ಯಾಗ ಮಾತಾತು. ಆದ್ರ ಒಬ್ಬರನ್ನೊಬ್ಬರು ಮುಟ್ಟಾಕ ಅಂಜಿಕಿ. ಮೂರು ಹಾದಿ ಕೂಡೂ ಕಡೆ ಒಂದು ಕಲ್ಲೈತಿ. ಅದರ ಮ್ಯಾಲ ನಾ ಮೊದಲ ಇಟ್ಟು ಬರೂದು, ಆಮ್ಯಾಲ ಅಂವ ಬಂದು ತನ್ನದಿಟ್ಟು ನನ್ನದು ಒಯ್ಯೂದು ಅಂತ ಠರಾವಾತು.

ನಮ್ಮಾಕಿ ಒಂದು ಅರಿಷಿಣ ಬಣ್ಣದ ಅರಿವಿ ಹರದು ನಾಣ್ಯ ಸುತ್ತಿ ಕೊಟ್ಟು, ಮ್ಯಾಲ ಒಂದು ನಿಂಬಿಹಣ್ಣು ಕೊಟ್ಲು. "ರಸಾ ಹಚ್ಚಿ ತೊಳದು ಮುಟ್ಟಂತ ಹೇಳ್ರಿ ಅವಗ." ನಾ ಬೆಳಿಗ್ಗೆ ಹೋಗಿ ಕಲ್ಲಿನ ಮ್ಯಾಲ ಚಂದಂಗಿ ಹೊಂದಿಸಿಟ್ಟು ಬಂದೆ.

ಸಾವಕಾರ ಬರೂಕಿಂತ ಮೊದಲ ಹಾಲಿನಾಕಿ ಬಂದ್ಲು. ಮೂರು ಹಾದಿ, ಹಳದಿ ಗಂಟು, ನಿಂಬಿಹಣ್ಣು! "ಯವ್ವಾ, ಮಾಟಾ ಮಾಡ್ಯಾರ್ರೋ!" ಅಂತ ಚಿಟ್ಟನ ಚೀರಿದ್ಲು. ಓಣಿಯೊಳಗ ಬಾಗಲಾ ಪಟಪಟ ಬಡಕೊಂಡ್ವು. ನನ್ನದಂದ್ರ ಮಾಟಗಾರ ಅಂತ ಮಂದಿ ಬಡೀತಾರ, ಹೊರಗ ಯಾಕ ಬಂದಿ ಅಂತ ಪೊಲೀಸರು ಬಡೀತಾರ. ಖಿಡಕಿ ಹಿಂದ ನಿಂತು ಇಣುಕಿದೆ. ಎದುರ ಖಿಡಕ್ಯಾಗ ಸಾವಕಾರನೂ ಇಣುಕಾಕ ಹತ್ತಿದ್ದ. ಲಾಠಿ ಹಿಡದು ಬಂದ ಪೊಲೀಸಪ್ಪ, ಊರ ಮಂದಿ ಬೆನ್ನ ಮ್ಯಾಲ ಬರಿ ಮೂಡಿಸಿದಾಂವ, ಕಲ್ಲು ನೋಡಿ ಗಾಡಿ ತಿರುವಿಕೊಂಡು ಬ್ಯಾರೆ ಓಣಿಲೆ ಹ್ವಾದ.

ಎಂಟು ದಿನ ಒಂದು ಹುಳಾ ಸೈತ ಹೊರಗ ಬರಲಿಲ್ಲ. ಸರ್ಕಾರ ಕೈ ಮುಗದು ಹೇಳಿದ್ರ ಕೇಳದ ನಮ್ಮ ಓಣಿ ನಿಂಬಿಹಣ್ಣಿನ ಮಾತು ಕೇಳಿತು.

ನಾಕು ಬೆರಳಿನ ಸಂದಿ

ಎರಡನೇ ಸಲ ಬಂದಾಗ ಜಡ್ಡು ನಮ್ಮನಿಗೇ ಬಂತ್ರಿ. ನಮ್ಮಾಕಿಗೆ ಜ್ವರ, ಕೆಮ್ಮು. ಪರೀಕ್ಷಾ ಮಾಡಿದ್ರ ಅದ. ಆಶಾ ಕಾರ್ಯಕರ್ತಿ ಬಾಯಾರು ಬಂದು ಗುಳಿಗಿ ಕೊಟ್ಟು, ಬೆರಳಿಗೆ ಹಚ್ಚಿ ಆಕ್ಸಿಜನ್ ಅಳಿಯೂ ಮಷೀನ್ ಕೊಟ್ಟು, "ತೊಂಬತ್ತರ ಕೆಳಗ ಇಳದ್ರ ತಡಾ ಮಾಡಬ್ಯಾಡ್ರಿ, ಫೋನ್ ಮಾಡ್ರಿ" ಅಂತ ಹೇಳಿ ಹ್ವಾದ್ರು.

ಆಕಿ ಒಳಗಿನ ಖೋಲ್ಯಾಗ, ನಾ ಪಡಸಾಲ್ಯಾಗ. ನಡುವ ನಾಕು ಬೆರಳು ತೆರದ ಬಾಗಲಾ. ನನಗ ಸಕ್ಕರಿ ಜಡ್ಡು ಐತಿ. ಹಿಂಗಾಗಿ ಗಂಜಿ ತಾಟು ಹೊಸ್ತಿಲದಾಗ ಇಡೂದ್ರಾಗ "ದೂರ ಸರೀರಿ, ದೂರ ಸರೀರಿ" ಅಂತ ಒದರತಿದ್ಲು. ಒದರಿದ್ರ ಕೆಮ್ಮು ಬರತಿತ್ತು. ಆಕಿ ಇಲ್ಲದ ಮನಿ ಹ್ಯಾಂಗಿದ್ದೀತು ಅಂತ ಒಂದ ಸಲ ಮನಸಿನ್ಯಾಗ ಬಂತು ನೋಡ್ರಿ, ಕೈಯಾಗಿನ ಸವಟು ಕೆಳಗ ಬಿತ್ತು.

ನಮ್ಮ ಕಡೆ ಇಂಥಾ ಹೊತ್ತಿನ್ಯಾಗ ಮುಡಪು ಕಟ್ಟತೇವಿ. ಹಳದಿ ಅರಿವ್ಯಾಗ ಒಂದು ನಾಣ್ಯ ಕಟ್ಟಿ ಜಗಲಿ ಮ್ಯಾಲಿಟ್ಟು ದೇವರಿಗೆ ಬೇಡಿಕೊಳ್ಳೂದು. ಒಂದು ರೂಪಾಯಿ ಕಟ್ಟಿ, "ಎಲ್ಲಮ್ಮ ತಾಯಿ, ಆಕೀನ ಉಳಿಸು, ಸವದತ್ತಿ ಗುಡ್ಡಕ್ಕ ಬಂದು ಹುಂಡಿಗೆ ಹಾಕತೇನಿ" ಅಂದೆ. ಸಂಜಿಗೆ ಮಷೀನಿನ್ಯಾಗ ತೊಂಬತ್ನಾಕು ಇದ್ದದ್ದು ತೊಂಬತ್ಮೂರಾತು. ಕಡಿಮಿ ಆತೇನೋ ಅಂತ ಅಂಜಿ, ಅದನ್ನ ಬಿಚ್ಚಿ ಬೆಳ್ಳಿ ರೂಪಾಯಿ ಕಟ್ಟಿದೆ. ಮುಂಜಾನೆ ತೊಂಬತ್ತೆರಡು! ತಾಯಿ ಚೌಕಾಸಿ ಮಾಡಾಕ ಹತ್ಯಾಳಂತ ತಿಳೀತು. ಹೂಲಿ ಅಜ್ಜಿ ದುಡ್ಡು ತಂದು ಕಟ್ಟಿದೆ. "ಇದರ ಮ್ಯಾಲ ನನ್ನ ಕಡೆ ಏನೂ ಇಲ್ಲ ತಾಯಿ" ಅಂತ ಜಗಲಿ ಮುಂದ ಅತ್ತೆ. ಖರೇನ ಅತ್ತೆ, ನಗಬ್ಯಾಡ್ರಿ.

ಮರುದಿನ ತೊಂಬತ್ನಾಕು, ಅದರ ಮರುದಿನ ತೊಂಬತ್ತಾರು. ಜ್ವರ ಬಿಡ್ತು. ಮೂರನೇ ದಿನ ಬಾಗಲಾ ಸಂದ್ಯಾಗಿಂದ ಧ್ವನಿ ಬಂತು. "ಏನ್ರಿ, ಗಂಜಿಗೆ ಉಪ್ಪು ಹಾಕೂ ಪದ್ಧತಿ ಇಲ್ಲೇನು ನಿಮ್ಮ ಮನೆತನದಾಗ?"

ಬಾಯಿಗೆ ರುಚಿ ಬಂದಿತ್ತು! ಹೆಂಡ್ತಿ ಕಡಿಂದ ಬೈಸಿಕೊಂಡು ಕುಣದಾಂವ ಬೈಲಹೊಂಗಲದಾಗ ನಾ ಒಬ್ಬನ ಇರಬೇಕು.

ಗುಡ್ಡ

ಗುಡ್ಡದ ಗುಡಿ ಆಗ ಮುಚ್ಚಿತ್ತು. "ತಗೀಲಿ, ಮೊದಲ ಹೋಗೂನು" ಅಂತ ನಮ್ಮಾಕಿ. "ತಗೀಲಿ ತಗೀಲಿ" ಅಂತ ಬಾಯಿಲೆ ನಾ, ಒಳಗ ಮಾತ್ರ ಇನ್ನೊಂದೀಟು ದಿನ ಮುಚ್ಚಿದ್ರ ಛಲೋ ಅಂತಿದ್ದೆ. ಆಕಿ ಅಂಜಿಕಿ ಹೋದ ಕೂಡಲೇ ಹೂಲಿ ದುಡ್ಡಿನ ಅಂಜಿಕಿ ತಿರುಗಿ ಬಂದಿತ್ತು. ಕಡೀಕ ಗುಡಿ ತಗೀತು. ಶುಕ್ರವಾರ ಹೋಗೂದಂತ ಆತು.

ಅವತ್ತ ಮುಂಜಾನೆ ಆಕಿ ಜಳಕಕ್ಕ ಹೋದಾಗ ಮುಡಪು ಬಿಚ್ಚಿದೆ. ಹೂಲಿ ದುಡ್ಡು ತಗದು ಡಬ್ಬಿ ತಳದಾಗ ಹಾಸಿದ್ದ ಹತ್ತಿ ಅಳ್ಳಿ ಕೆಳಗ ಮುಚ್ಚಿಟ್ಟೆ. ಮುಡಪಿನ್ಯಾಗ ಒಂದು ರೂಪಾಯಿ ಕಟ್ಟಿದೆ. ಮೊದಲ ಬೇಡಿಕೊಂಡದ್ದು ಅದ ಅಲ್ಲೇನ್ರಿ? ತಾಯಿ ದೊಡ್ಡ ಮನಸಿನಾಕಿ ಅಂತ ನನಗ ನಾನ ಹೇಳಿಕೊಂಡೆ.

ಬಸ್ಸಿನ್ಯಾಗ ಆಕಿ ಚೀಲ ನನ್ನ ತೊಡಿ ಮ್ಯಾಲ, ಕಲ್ಲಿನಂಥಾ ಭಾರ. "ಏನೈತೆ ಇದರಾಗ?" "ಕಾಯಿ, ಹೋಳಿಗಿ." ಗುಡ್ಡದ ಕೆಳಗಿನ ಉಗರಗೋಳದ ಹಂತ್ಯಾಕ ಡ್ರೈವರ್ ಗಕ್ಕನ ಬ್ರೇಕ್ ಹಾಕಿದ. ತಾಯಿಗೆ ಗೊತ್ತಾತು ಅಂತ ಕಣ್ಣು ಮುಚ್ಚಿದೆ. ನೋಡಿದ್ರ ಎಮ್ಮಿ ಅಡ್ಡ ಬಂದಿತ್ತು. ದರ್ಶನದ ಪಾಳೇದಾಗ ನಿಂತಾಗ ನೀವು ಮುಂದ ಹೋಗ್ರಿ ಅಂತ ಹಿಂದಿನವರಿಗೆ ಹಾದಿ ಬಿಡಾಕ ಹತ್ತಿದೆ. "ಸಕ್ಕರಿ ಇಳದೈತೇನ್ರಿ?" ಅಂತ ಪಾಪ ಆಕಿ ಬೆಲ್ಲ ಕೊಟ್ಲು.

ಹುಂಡಿ ಮುಂದ ಬಂದ್ವಿ. ಮುಡಪು ಹಾಕಾಕ ಕೈ ಎತ್ತಿದೆ. "ತಡೀರಿ" ಅಂತ ಆಕಿ ಚೀಲದಾಗ ಕೈ ಹಾಕಿ ಹೊರಗ ತಗದ್ಲು. ನನ್ನ ಡಬ್ಬಿ!

"ನಾ ಮಲಗಿದ್ದಾಗ ಬೇಡಿಕೊಂಡೇನಿ. ಇವರಿಗೆ ಸಕ್ಕರಿ ಐತಿ, ನನಗ ಬಂದದ್ದು ಬರಲಿ, ಇವರಿಗೆ ಹತ್ತಬಾರದು ಅಂತ. ಹತ್ತಲಿಲ್ಲಂದ್ರ ಡಬ್ಬಿ ಪೂರಾ ನಿನ್ನ ಹುಂಡಿಗೆ ಅಂತ."

"ಏ, ನಿನ್ನ ಬಂಗಾರದ್ದು ಏನರ ಬೇಡಿಕೊಬೇಕಿಲ್ಲ?"

"ನಿಮ್ಮ ಜೀವಕ್ಕ ನಿಮ್ಮ ಜೀವದಂಥಾದ್ದ ಬೇಡಿಕೊಬೇಕಲ್ರಿ."

ಹುಂಡಿ ಬಾಯಿ ಸಣ್ಣದು, ಒಂದೊಂದ ಹಾಕಬೇಕು. ಕುಕ್ಕರಿನ್ಯಾಗ ಕುದ್ದವು ಎಲ್ಲಾ ಟಣ್ ಟಣ್ ಅಂತ ಒಳಗ ಬಿದ್ವು. ಹಿಂದಿನವರು "ಲಗೂ ಹಾಕ್ರಿ ಯಕ್ಕಾ" ಅನ್ನಾಕ ಹತ್ತಿದ್ರು. ಆಕಿ ತಳದ ಅಳ್ಳಿ ಎತ್ತಿ ಹೂಲಿ ದುಡ್ಡು ಹೊರಗ ತಗದ್ಲು. ನಾ ದೇವಿ ಮಾರಿ ನೋಡಲಿಲ್ಲ, ಆಕಿ ಮಾರಿನೂ ನೋಡಲಿಲ್ಲ.

"ಇದು ಮುಡಪಿನ್ಯಾಗ ಇತ್ತಲ್ರಿ?"

"ನಿನಗ ಹ್ಯಾಂಗ ಗೊತ್ತು?"

"ಬಾಗಲಾ ಸಂದ್ಯಾಗಿಂದ ನೋಡೇನಿ. ಇದನ್ನ ಕಟ್ಟಿ ನೀವು ಅತ್ತದ್ದು. ಸಾಯಬಾರದಂತ ಅವತ್ತ ಗಟ್ಟಿ ಮನಸ್ಸು ಮಾಡಿದೆ ನಾ." ಹಂಗಂದಾಕೀನ ಕಣ್ಣು ಸಣ್ಣ ಮಾಡಿದ್ಲು. "ಮತ್ತ ಮುಡಪಿನ್ಯಾಗ ಏನೈತಿ? ಬಿಚ್ರಿ."

ಬಿಚ್ಚಿದೆ. ಒಂದು ರೂಪಾಯಿ.

"ಅಂದ್ರ ಜ್ವರ ಇದ್ದಾಗ ಅಷ್ಟು, ಜ್ವರ ಬಿಟ್ಟ ಮ್ಯಾಲ ಹೆಂಡ್ತಿ ಕಿಮ್ಮತ್ತು ಒಂದು ರೂಪಾಯಿ!"

ಪಾಳೇದಾಗಿನ ಒಬ್ಬಾಕಿ ಹಿಂದಿಂದ ಅಂದ್ಲು, "ನಿಮ್ಮವರು ಅಷ್ಟರ ಕಟ್ಟ್ಯಾರ ತಗೋರಿ ಯಕ್ಕಾ. ನಮ್ಮಾಂವ ಬರೇ ಕಷಾಯ ಕುಡಿ ಅಂದ."

ಹೂಲಿ ಅಜ್ಜಿ ದುಡ್ಡು ನನ್ನ ಕೈಯಿಂದನ ಹಾಕಿಸಿದ್ಲು. ನಾ ಅತ್ತೆ. ಹಿಂದಿನವರು "ಎಂಥಾ ಭಕ್ತಿ" ಅಂದ್ರು. ಆ ಒಂದು ರೂಪಾಯಿ ಮಾತ್ರ ಹುಂಡಿಗೆ ಹಾಕಾಕ ಬಿಡಲಿಲ್ಲ. ಖಾಲಿ ಡಬ್ಬ್ಯಾಗ ಇಟ್ಟು, ಮುಚ್ಚಳ ಹಾಕಿ, ಮನಿಗೆ ತಂದ್ಲು.

ಈಗ ನಮ್ಮನಿಗೆ ಯಾರರ ನಾಣ್ಯ ನೋಡಾಕ ಬಂದ್ರ ನಾ ಏಳೂದ್ರಾಗ ನಮ್ಮಾಕೀನ ಎದ್ದು ಡಬ್ಬಿ ತರತಾಳ. ಮುಚ್ಚಳ ತಗೀತಾಳ. ಅಳ್ಳಿ ಮ್ಯಾಲ ಒಂದ ಒಂದು ರೂಪಾಯಿ. ಬಂದವರು ಹಿಂದಮುಂದ ಹೊಳ್ಳಿಸಿ ನೋಡಿ, "ಇದು ಯಾವ ಕಾಲದ್ದು ಬಾಯಾರ?" ಅಂತ ಮರ್ಯಾದಿಲೆ ಕೇಳತಾರ.

"ಜ್ವರ ಬಿಟ್ಟ ಮ್ಯಾಲಿಂದ್ರಿ" ಅಂತಾಳ ನಮ್ಮಾಕಿ, ನನ್ನ ಮಾರಿ ನೋಡಕೋತ.