ಮ್ಯೂಟ್ ಮಾಡದ ಮಾವ

ನನ್ನ ಸೋದರಮಾವ ನಮ್ಮ ಸಭೆಯ ಅತ್ಯಂತ ಹಿರಿಯ ಯುವಕ. ನಗಬೇಡಿ! ಹಲಸೂರಿನ ನಮ್ಮ ಚರ್ಚಿನಲ್ಲಿ ಯುವಜನ ಸಂಘ ಅಂತ ಒಂದಿದೆ, ನನಗೆ ಬುದ್ಧಿ ತಿಳಿದಾಗಿನಿಂದ ಅದರ ನಾಯಕರು ಅವರೇ. ನನ್ನ ಅಮ್ಮನೂ ಒಂದು ಕಾಲಕ್ಕೆ ಅದರಲ್ಲಿ ಇದ್ದಳಂತೆ, ಈಗ ನಾನಿದ್ದೇನೆ. ಅವರ ಕೈಕೆಳಗೆ ಯುವಕರಾಗಿದ್ದವರೆಲ್ಲ ಮದುವೆಯಾಗಿ, ಹೊಟ್ಟೆ ಬೆಳೆಸಿ, ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಆರಾಧನೆಗೆ ಬರುತ್ತಾರೆ. ಮಾವ ಮಾತ್ರ ಕೂದಲಿಗೆ ಕಪ್ಪು ಹಚ್ಚಿ, ಬಿಳಿ ಕ್ಯಾನ್ವಾಸ್ ಶೂ ತೊಟ್ಟು, ಇನ್ನೂ ಯುವಜನರ ಬೆಂಚಿನ ತುದಿಯಲ್ಲೇ ಕೂರುತ್ತಾರೆ.

ಹಾಗಾದರೆ ಅವರ ವಯಸ್ಸೆಷ್ಟು? ಈ ಕುತೂಹಲ ನನ್ನನ್ನು ಚಿಕ್ಕಂದಿನಿಂದ ಕಾಡಿದೆ. ಅಮ್ಮನನ್ನು ಕೇಳಿದರೆ, "ನನಗಿಂತ ದೊಡ್ಡವನು, ಅಷ್ಟು ಸಾಕಲ್ವಾ?" ಎನ್ನುತ್ತಾಳೆ. ಮಾವನನ್ನೇ ಕೇಳಿದರೆ, "ಯೂತ್ ಲೀಡರ್ ವಯಸ್ಸು ಕೇಳೋದು, ಬಿರಿಯಾನಿ ಅಂಗಡೀಲಿ ಕುರಿ ಹೆಸರು ಕೇಳ್ದಂಗೆ ಕಣೇ. ಸುಮ್ನೆ ತಿನ್ನು!" ಎಂದು ಬಾಯಿ ಮುಚ್ಚಿಸುತ್ತಾರೆ. ಜೋಗುಪಾಳ್ಯದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ನೌಕರಿಯಾಗಿದ್ದರೆ ನಿವೃತ್ತಿಯ ದಿನವಾದರೂ ಗುಟ್ಟು ರಟ್ಟಾಗುತ್ತಿತ್ತು, ಸ್ವಂತ ಅಂಗಡಿಯವರಿಗೆ ಎಲ್ಲಿಯ ನಿವೃತ್ತಿ?

ಲಾಕ್‌ಡೌನ್ ಬಂತು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಚರ್ಚಿನ ಗೇಟಿಗೆ ಬೀಗ ಹಾಕುವಾಗ ಮಾವ ಪಕ್ಕದಲ್ಲೇ ನಿಂತಿದ್ದರಂತೆ. ನಮ್ಮ ಜೊತೆಗೇ ಇರುವ ಅವರು ಮನೆಗೆ ಬಂದವರೇ ಊಟಕ್ಕೂ ಕೂರದೆ ಘೋಷಿಸಿದರು: "ಈ ಗೇಟು ತೆಗೆದ ದಿನ ನನ್ನ ಯೂತಲ್ಲಿ ಒಬ್ರೂ ಕಮ್ಮಿ ಇರ್ಬಾರ್ದು." ಕಾಯಿಲೆ, ಕೆಲಸ, ಊರು, ಬೇಸರ, ಏನು ಬೇಕಾದರೂ ಯಾರನ್ನು ಬೇಕಾದರೂ ಎಳೆದುಕೊಂಡು ಹೋಗುವ ಕಾಲ ಅದು. ಈ ಮನುಷ್ಯ ಯಾವ ಧೈರ್ಯದಿಂದ ಹಾಗೆ ಮಾತು ಕೊಟ್ಟರು? ಕೊಟ್ಟಿದ್ದೂ ಯಾರಿಗೆ? ಬೀಗಕ್ಕೆ!

ಮುಂದಿನ ಭಾನುವಾರವೇ ವಿಡಿಯೋ ಕಾಲಿನಲ್ಲಿ ಯುವಜನ ಸಭೆ. ಮಾವ ಮನೆಯೊಳಗೇ ಇಸ್ತ್ರಿ ಶರ್ಟು, ಕ್ಯಾನ್ವಾಸ್ ಶೂ ಹಾಕಿಕೊಂಡು ಕೂತರು. ಅಷ್ಟೆಲ್ಲ ಅಲಂಕಾರ ಮಾಡಿಕೊಂಡರೂ ಪರದೆಯಲ್ಲಿ ಕಂಡದ್ದು ಹಣೆ ಮಾತ್ರ. ನಾನು ಎಷ್ಟು ಸಲ ಫೋನು ಸರಿ ಮಾಡಿಟ್ಟರೂ ಅದು ಹೇಗೋ ಜಾರಿ ಹಣೆಗೇ ಬಂದು ನಿಲ್ಲುತ್ತಿತ್ತು. ಅದು ಹೋಗಲಿ, ಅವರು ಯಾರಿಗೂ ಮ್ಯೂಟ್ ಮಾಡಲು ಬಿಡಲಿಲ್ಲ. "ಜನ್ಮವೆಲ್ಲ ಊರಿಗೆ ಮೈಕ್ ಕೊಟ್ಟೋನು ನಾನು. ಬಾಯಿ ಮುಚ್ಸೋ ಕೆಲ್ಸ ನನ್ಹತ್ರ ಆಗಲ್ಲ" ಎಂದುಬಿಟ್ಟರು.

ಆಮೇಲೆ ಕೇಳಬೇಕೆ? ಒಬ್ಬರ ಮನೆಯಲ್ಲಿ ಕುಕ್ಕರ್ ಸೀಟಿ, ಇನ್ನೊಬ್ಬರ ಮನೆಯಲ್ಲಿ ಅಜ್ಜಿಯ ತಮಿಳು ಬೈಗುಳ. ಪುಲಿಕೇಶಿನಗರದ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುವಾಗ ಪಕ್ಕದ ಮನೆಯ ಆಂಟಿ, "ಅರೇ, ದೂಧ್ ಉಬಲ್ ರಾ, ದೇಖೋ!" ಎಂದು ಕೂಗಿದರು. ನಮ್ಮಲ್ಲಿ ಅರ್ಧ ಜನ ಭಕ್ತಿಯಿಂದ "ಆಮೆನ್" ಎಂದರು. ಮಾವನ ಹಣೆ ಗಂಭೀರವಾಗಿ ಹೇಳಿತು: "ಮೊದ್ಲು ಹಾಲು ಇಳ್ಸಮ್ಮ. ದೇವ್ರು ಕಾಯ್ತಾನೆ, ಹಾಲು ಕಾಯಲ್ಲ."

ಹಾಡಿನ ಕಥೆ ಇದಕ್ಕಿಂತ ದೊಡ್ಡದು. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪುತ್ತದೆ ಎಂದು ಲೋಕವೆಲ್ಲ ಒಬ್ಬರಿಂದ ಹಾಡಿಸಿ ಉಳಿದವರನ್ನು ಸುಮ್ಮನೆ ಕೂರಿಸುತ್ತಿತ್ತು. ಮಾವ ಒಪ್ಪಬೇಕಲ್ಲ! "ಒಬ್ರು ಹಾಡಿ ಉಳಿದೋರು ಕೇಳೋದಾದ್ರೆ ಅದು ರೇಡಿಯೋ, ಸಭೆ ಅಲ್ಲ" ಎಂದು ಹೊಸ ಪದ್ಧತಿ ತಂದರು. ಎಲ್ಲರೂ ಒಂದು ಸಾಲು ಹಾಡಿ ನಿಲ್ಲಬೇಕು. ಕೊನೆಯವರ ದನಿ ಬಂದು ಸೇರುವ ತನಕ ಮುಂದಿನ ಸಾಲು ಎತ್ತುವಂತಿಲ್ಲ.

ಆ ಕೊನೆಯವನು ಯಾವಾಗಲೂ ಒಬ್ಬನೇ. ಬೀದರ್ ಕಡೆಯವನು, ಆಫೀಸಿನ ಕೆಲಸಕ್ಕೆಂದು ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದವನು. ನಮಗೆಲ್ಲ ಅವನ ಹೆಸರೇ ಬೀದರ್. ಪ್ರತಿ ಸಾಲಿಗೂ ಮಾವ, ಸ್ಟೇಷನ್ನಿನಲ್ಲಿ ರೈಲು ಕಾಯುವವರ ಹಾಗೆ, "ಬೀದರ್ ಬಂತಾ?" ಎನ್ನುವರು. ಆ ಕಡೆಯಿಂದ, "ನೆಟ್‌ವರ್ಕ್ ಸಿಗವಲ್ದು ನೋಡ್ರಿ ಅಂಕಲ್, ನೀವು ಮುಂದ ಹೋಗ್ರಿ" ಎಂಬ ಸಣ್ಣ ದನಿ ಬರುವುದು. "ಹೋಗಲ್ಲ ಮಗಾ, ನಿಧಾನಕ್ಕೆ ಬಾ." ಒಂದು ಕೀರ್ತನೆ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಅಮ್ಮ ಸಾರು ಮಾಡಿ, ಅನ್ನ ಬಸಿದು, ಹಪ್ಪಳವನ್ನೂ ಕರಿದು ಮುಗಿಸಿರುತ್ತಿದ್ದಳು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಈ ಗದ್ದಲದ ನಡುವೆ ಮಾವ ಕಣ್ಣು ಮುಚ್ಚಿ ಏನನ್ನೋ ಆಲಿಸುತ್ತಿರುತ್ತಾರಲ್ಲ, ಏನದು? ಒಂದು ದಿನ ಕೇಳಿಯೇಬಿಟ್ಟೆ.

"ಮೈಕ್ ಚೆಕ್ ಮಾಡ್ತಿರ್ತೀನಿ ಕಣೇ. ಕುಯ್ಯೋ ಅನ್ನೋ ಮೈಕ್ ಬಗ್ಗೆ ಚಿಂತೆ ಇಲ್ಲ. ಸದ್ದೇ ಬರ್ದೇ ಇರೋ ಮೈಕನ್ನ ಬಿಚ್ಚಿ ನೋಡ್ಬೇಕು. ಬೀದರ್ ಮನೇಲಿ ಫ್ಯಾನ್ ಬಿಟ್ರೆ ಒಂದು ತಟ್ಟೆ ಸದ್ದೂ ಇಲ್ಲ, ಗಮನಿಸಿದ್ಯಾ?"

ನಾನು ಗಮನಿಸಿರಲಿಲ್ಲ. ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ.

ಮಾವ ಅವನಿಗೆ ಫೋನ್ ಮಾಡಿದರು. ಕೆಲಸ ಹೋಗಿತ್ತು. ಯಾರೊಂದಿಗೂ ಮಾತಾಡಲು ಮನಸ್ಸಿಲ್ಲದೆ, ಅಡುಗೆಯನ್ನೂ ಬಿಟ್ಟು, ಬ್ರೆಡ್ಡು ತಿಂದುಕೊಂಡು ಬಿದ್ದಿದ್ದ. ಮಾವ ಉಪದೇಶ ಮಾಡಿದರೆಂದುಕೊಂಡಿರಾ? ಇಲ್ಲ! "ಗುರು, ನಂಗೆ ಜೋಳದ ರೊಟ್ಟಿ ತಟ್ಟೋದು ಹೇಳ್ಕೊಡು, ತಿನ್ನೋ ಆಸೆ ಆಗ್ಬಿಟ್ಟಿದೆ" ಎಂದು ಗಂಟುಬಿದ್ದರು. ತಮಗೆ ಗೊತ್ತಿದ್ದ ಪೊಲೀಸಿನವರನ್ನು ಕಾಡಿಬೇಡಿ, ಸ್ಕೂಟರಿನಲ್ಲಿ ಅವನ ಮನೆಬಾಗಿಲಿಗೆ ಜೋಳದ ಹಿಟ್ಟು ಮುಟ್ಟಿಸಿದರು. ಆಮೇಲೆ ದಿನಾ ಸಂಜೆ ಫೋನಿನಲ್ಲಿ ರೊಟ್ಟಿ ಪಾಠ. ಮಾವನ ರೊಟ್ಟಿ ಒಂದು ದಿನ ಮುರಿಯಿತು, ಒಂದು ದಿನ ಹೆಂಚಿಗೇ ಅಂಟಿತು, ಒಂದು ದಿನ ಅಮ್ಮ ಗುರು-ಶಿಷ್ಯ ಇಬ್ಬರನ್ನೂ ಸೇರಿಸಿ ಬೈದಳು. ಆ ಕಡೆಯಿಂದ ಬೀದರ್, "ಹಂಗಲ್ರೀ ಅಂಕಲ್, ನೀವು ರೊಟ್ಟಿಗಿ ಹೊಡಿಲಿಕತ್ತೀರಿ! ತಟ್ರಿ!" ಎಂದು ಜೋರಾಗಿ ನಕ್ಕ. ಮುಂದಿನ ಭಾನುವಾರ ಸಭೆಯ ನಡುವೆಯೇ ರಾಮಮೂರ್ತಿ ನಗರದಿಂದ ಪಟಪಟ ಎಂದು ರೊಟ್ಟಿ ತಟ್ಟುವ ಸದ್ದು ಬಂತು. ಮಾವನ ಹಣೆ ಅರಳಿತು. "ಹಾಂ, ಈಗ ಮೈಕ್ ಆನ್ ಆಯ್ತು."

ಕೊನೆಗೂ ಚರ್ಚಿನ ಗೇಟು ತೆರೆಯುವ ಭಾನುವಾರ ಬಂತು. ಗೇಟಿನಲ್ಲಿ ನಿಂತು ಬಂದವರ ಹಣೆಗೆ ಜ್ವರದ ಗನ್ ಹಿಡಿದು, ವಯಸ್ಸು ಕೇಳಿ ಒಳಗೆ ಬಿಡುವ ಕೆಲಸ ನನ್ನದು. ಪಕ್ಕದಲ್ಲಿ ಬೋರ್ಡು: ಅರವತ್ತೈದು ದಾಟಿದವರು ದಯವಿಟ್ಟು ಮನೆಯಿಂದಲೇ ಆರಾಧಿಸಿ. ಯುವಜನರು ಒಬ್ಬೊಬ್ಬರಾಗಿ ಬಂದರು. ಬೀದರ್ ಕೂಡ ಬಂದ, ಕೈಯಲ್ಲಿ ರೊಟ್ಟಿಯ ಗಂಟು. ಎಲ್ಲರಿಗಿಂತ ಕೊನೆಗೆ ಮಾವ ಬಂದರು, ಹೊಸದಾಗಿ ಕಪ್ಪು ಹಚ್ಚಿದ ತಲೆ, ತೊಳೆದ ಕ್ಯಾನ್ವಾಸ್ ಶೂ. ಬೋರ್ಡು ಓದಿ ನಿಂತರು.

ಬಾಲ್ಯದಿಂದ ಕೇಳಿದ ಪ್ರಶ್ನೆ, ಅವತ್ತು ಮಾತ್ರ ಕೇಳಲು ನನಗೆ ನಾಲಿಗೆಯೇ ಏಳಲಿಲ್ಲ.

"ಕೇಳಮ್ಮ, ನಿನ್ನ ಡ್ಯೂಟಿ" ಎಂದರು ಅವರೇ.

"ಅರವತ್ನಾಲ್ಕು ಅಂತೀನಿ ಬಿಡಿ ಮಾವ, ಯಾರಿಗೆ ಗೊತ್ತಾಗುತ್ತೆ" ಎಂದು ಪಿಸುಗುಟ್ಟಿದೆ.

"ಚರ್ಚ್ ಗೇಟಲ್ಲಿ ನಿಂತ್ಕೊಂಡು ಸುಳ್ಳಾ?" ಮಾವ ನಕ್ಕರು. "ಅರವತ್ತೆಂಟು ಕಣೇ. ನಿಮ್ಮಮ್ಮಂಗೆ ಹೇಳ್ಬೇಡ, ಅವಳಿಗೆ ಗೊತ್ತಿದೆ." ಒಳಗೆ ಇಣುಕಿ ನೋಡಿದರು. "ಎಲ್ರೂ ಬಂದಿದಾರಲ್ವಾ? ಸಾಕು ಬಿಡು." ಎದುರಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಅದರ ಮೇಲೆ ಕೂತರು.

ಒಳಗೆ ಹೋಗಿ ಬೀದರನಿಗೆ ಹೇಳಿದೆ. ಅವನು ಫೋನು ತೆಗೆದು ಮಾವನಿಗೆ ವಿಡಿಯೋ ಕಾಲ್ ಮಾಡಿ, ಬೆಂಚಿನ ತುದಿಯಲ್ಲಿ ಮಾವ ಕೂರುವ ಜಾಗದಲ್ಲಿ ಒರಗಿಸಿ ನಿಲ್ಲಿಸಿದ. ಪರದೆಯ ತುಂಬ ಹಣೆ! ಅದರ ಜೊತೆಗೆ ಆಟೋ ಹಾರನ್ನು, ಸೊಪ್ಪಿನವಳ ಕೂಗು, ಬೀದಿನಾಯಿಗಳ ಜಗಳ, ಎಲ್ಲವೂ ಚರ್ಚಿನೊಳಗೆ ನುಗ್ಗಿದವು.

"ಯಾರದಪ್ಪಾ ಫೋನು? ಮ್ಯೂಟ್ ಮಾಡಿ" ಎಂದರು ಅಯ್ಯನವರು.

ಬೀದರ್ ಎದ್ದು ನಿಂತ. "ಮಾಡಂಗಿಲ್ರಿ ಅಯ್ಯನೋರೆ. ಮಾಡಿದ್ರ ನಮ್ಮಾಗ ಒಬ್ರು ಕಮ್ಮಿ ಆಗ್ತಾರ."

ಅಯ್ಯನವರು ಬೆಂಚಿನ ತುದಿಯನ್ನು ಒಂದು ಗಳಿಗೆ ನೋಡಿದರು. "ಮಾಸ್ಕಿನೊಳಗೇ ಮೆಲ್ಲಗೆ ಹಾಡಿ" ಎಂದು ಹೇಳಿ ಕೀರ್ತನೆ ಎತ್ತಿದರು. ಮೊದಲ ಸಾಲು ಮುಗಿಯಿತು. ಯಾರೂ ಹೇಳದೆಯೇ ನಾವೆಲ್ಲ ಅಲ್ಲೇ ನಿಲ್ಲಿಸಿದೆವು. ಆರ್ಗನ್ನೂ ನಿಂತಿತು. ಇಡೀ ಸಭೆ ಕಾಯಿತು. ಸೊಪ್ಪಿನವಳ ಕೂಗು ದಾಟಿ ಮಾವನ ದನಿ, ಸ್ವಲ್ಪ ಒಡೆದ ದನಿ, ಬಂದು ಸೇರಿತು.

ಆಮೇಲೆ ಎರಡನೆಯ ಸಾಲು ಎತ್ತಿದೆವು.