ಹುಲ್ಲಿನ ಗಾಡಿಯ ಹೊಟ್ಟೆಯುಬ್ಬರ

ಯಂತ್ರದ ಪುಸ್ತಕ ಒಂದು ಭಾಷೆಯಲ್ಲಿ, ಅದನ್ನು ಬಿಚ್ಚುವ ಕೈ ಇನ್ನೊಂದು ಭಾಷೆಯಲ್ಲಿ, ಓಡಿಸುವವರು ಮೂರನೆಯದರಲ್ಲಿ ಇದ್ದರೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನಮ್ಮ ಅಂಗಡಿಯಲ್ಲಂತೂ ವಾರಕ್ಕೆ ಒಂದಾದರೂ ಆಗುತ್ತದೆ.

ಅಂಗಡಿ ಬೀದರಿನ ನೌಬಾದದಲ್ಲಿದೆ. ಔಷಧ ಹೊಡೆಯುವ ಪಂಪು, ಕಳೆ ತೆಗೆಯುವ ಯಂತ್ರ, ನೀರಿನ ಮೋಟಾರು, ಇವನ್ನೆಲ್ಲ ಅಪ್ಪ ರಿಪೇರಿ ಮಾಡುತ್ತಾರೆ. ಈಚೆಗೆ ಒಂದು ಹೊಸ ಜಾತಿ ಬಂದು ಸೇರಿಕೊಂಡಿದೆ. ಮೇಲೆ ಕುಳಿತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ. ನೋಡಲು ಟ್ರ್ಯಾಕ್ಟರಿನ ಮರಿ. ಜಿಲ್ಲೆಯಲ್ಲಿ ಬೆರಳಲ್ಲಿ ಎಣಿಸುವಷ್ಟಿವೆ. ಕೆಟ್ಟರೆ ನಮ್ಮಲ್ಲಿಗೇ ಬರುತ್ತವೆ, ಯಾಕೆಂದರೆ ಅವುಗಳ ಪುಸ್ತಕ ಓದಲು ನಾನಿದ್ದೇನೆ. ಎಲ್‌ಕೆಜಿಯಿಂದ ಬಿಕಾಂವರೆಗೆ ನಂದು ಇಂಗ್ಲಿಷ್ ಮೀಡಿಯಂ. ಆದರೆ ಆ ಇಂಗ್ಲಿಷನ್ನು ನಾನು ಬಾಯಿಂದ ಹೊರಗೆ ತಂದದ್ದು ಕಡಿಮೆ. ಕನ್ನಡವನ್ನೂ ಅಷ್ಟೇ. ಗಿರಾಕಿ ಬಂದರೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋಗುತ್ತೇನೆ. ಎಷ್ಟೋ ಸಲ ಸ್ಪ್ಯಾನರ್ ನನ್ನ ಕೈಯಲ್ಲೇ ಇರುತ್ತದೆ.

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನರ್ಸ್. ಅವರು ನನಗಾಗಿ ಒಂದು ಖಾಸಗಿ ದವಾಖಾನೆಯಲ್ಲಿ ರಿಸೆಪ್ಷನ್ ಕೆಲಸ ನೋಡಿದ್ದರು. "ಇಂಗ್ಲಿಷ್ ಬರೋ, ಮೆತ್ತಗ ಮಾತಾಡೋ ಹುಡುಗಿ ಬೇಕಂತ. ನಮ್ಮಾಕಿ ದನಿ ಬಾಜೂಕ ಕೂತವರಿಗೂ ಕೇಳೂದಿಲ್ಲ. ಇದಕ್ಕಿಂತ ಮೆತ್ತಗ ಇನ್ನ ಯಾರದಾರ?" ಅಂದಿದ್ದರು. ಬೆಳಗಿನಿಂದ ಸಂಜೆತನಕ ಗುರುತಿಲ್ಲದವರ ಜೊತೆ ಮಾತು. ನನಗೆ ಬೇಕಾಗಿದ್ದದ್ದು ಅಂಗಡಿ. ಬಿಚ್ಚಿಟ್ಟ ಗೇರ್ ಪೆಟ್ಟಿಗೆ ಯಾರನ್ನೂ ಮಾತಾಡಿಸುವುದಿಲ್ಲ, ಆದರೆ ಕೇಳಿದ್ದಕ್ಕೆಲ್ಲ ಉತ್ತರ ಅದರೊಳಗೇ ಇರುತ್ತದೆ.

ಮೂರು ದಿನ ತಡೆದು ಅಪ್ಪನಿಗೆ ಹೇಳಿದೆ. ಅಪ್ಪ ಇನ್ನೂ ಮೂರು ದಿನ ತಡೆದು ಉತ್ತರ ಕೊಟ್ಟರು. "ಒಂದು ಗೇರ್ ಪೆಟ್ಟಿಗಿ ಶುರುವಿನಿಂದ ಆಖೀರ್‌ತನಕ ನೀ ಒಬ್ಬಾಕಿನೇ ಮಾಡಿ ತೋರ್ಸು ಬೇಟಾ. ನಿಮ್ಮ ಅತ್ತಿಗಿ ನಾ ಹೇಳ್ತೇನಿ." ಅಪ್ಪ ಜಗತ್ತಿನಲ್ಲಿ ಹೆದರುವುದು ತಮ್ಮ ಅಕ್ಕನಿಗೆ ಮಾತ್ರ. ಹಾಗಾಗಿ ಅದು ಬಲು ದೊಡ್ಡ ಮಾತಾಗಿತ್ತು.

ಜೀವಮಾನದ ಎಣ್ಣೆ

ಅಂಥ ಗಾಡಿ ಮೊದಲ ಸಲ ಅಂಗಡಿಗೆ ಬಂದಾಗ ಪುಸ್ತಕ ಬಿಡಿಸಿ ಕೂತಿದ್ದೆ. ಎಂಜಿನ್ ಎಣ್ಣೆ ಯಾವಾಗ ಬದಲಿಸಬೇಕೆಂದು ಎರಡು ಪುಟ ಬರೆದಿದ್ದರು. ಗೇರ್ ಪೆಟ್ಟಿಗೆಯ ಎಣ್ಣೆ ಬದಲಿಸುವುದಕ್ಕೆ ಅಲ್ಲಿ ಒಂದೇ ಸಾಲು: ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ್ದೇವೆ, ಗಾಡಿಯ ಜೀವಮಾನವಿಡೀ ಬದಲಿಸಬೇಕಾಗಿಲ್ಲ.

ಓದಿ ಹೇಳಿದೆ. ಅಪ್ಪ ಗಾಡಿಯ ಕೆಳಗೆ ತಲೆ ಹಾಕಿ ನೋಡಿದರು. ಎಣ್ಣೆ ಬಿಡಲು ಒಂದು ಬೋಲ್ಟ್ ಕೂಡ ಇರಲಿಲ್ಲ. ಕೊನೆಗೆ ಚಕ್ರ ಬಿಚ್ಚಿ, ಬೆಲ್ಟ್ ಬಿಚ್ಚಿ, ಇಡೀ ಪೆಟ್ಟಿಗೆಯನ್ನೇ ಇಳಿಸಿ, ಮೇಲಿನ ಮುಚ್ಚಳ ತೆಗೆದು ಕೊಡ ಬಗ್ಗಿಸಿದ ಹಾಗೆ ಬೋರಲು ಹಾಕಿದೆವು. ಬಂದ ಎಣ್ಣೆ ನಮ್ಮೂರಿನ ಬಿದ್ರಿ ಹೂಜಿಯಷ್ಟು ಕಪ್ಪಗಿತ್ತು. ಬೆಳ್ಳಿಯ ಹೂವೊಂದು ಕಮ್ಮಿ.

ಕಂಪನಿಯವರು ಹೀಗೆ ಸುಳ್ಳು ಬರೆಯಬಹುದೇ ಎಂದು ನನಗೆ ಬೇಜಾರಾಯಿತು. ಅಚ್ಚಾದದ್ದೆಲ್ಲ ನಿಜ ಎಂದು ಕಲಿಸಿದ ಸಾಲಿ ನಮ್ಮದು.

ಅಪ್ಪ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾ ಹೇಳಿದರು. "ಸುಳ್ಳೇನಿಲ್ಲ ಬೇಟಾ. ಗಾಡಿ ಸಾಯೋತನಕ ಬದಲ್ ಮಾಡೂದು ಬ್ಯಾಡ ಅಂದಾರ. ಬದಲ್ ಮಾಡದಿದ್ರ ಅದು ಲಗೂನೇ ಸಾಯ್ತದ. ಎರಡೂ ಖರೇನೇ."

ಔರಾದಿನ ಅಳಿಯ

ಔರಾದಿನಲ್ಲಿ ಮದುವೆ ಹಾಲ್ ಇಟ್ಟುಕೊಂಡಿರುವ ಒಬ್ಬ ಯಜಮಾನರಿದ್ದಾರೆ. ಹಾಲಿನ ಮುಂದೆ ಹುಲ್ಲುಹಾಸು, ಅದಕ್ಕೊಂದು ಗಾಡಿ. ಅವರ ದೂರು ವಿಚಿತ್ರವಾಗಿತ್ತು. ಗಾಡಿ ಮುಂಜಾನೆ ಮುಲುಕುತ್ತದೆ, ಮುಂದೆ ಹೋಗುವುದಿಲ್ಲ. ಮಧ್ಯಾಹ್ನತನಕ ಬಿಸಿಲಲ್ಲಿ ನಿಲ್ಲಿಸಿದರೆ ಮೆಲ್ಲಗೆ ನಡೆಯುತ್ತದೆ.

"ಊಟದ ಹೊತ್ತಿಗಿ ಏಳ್ತದ್ರಿ, ಥೇಟ್ ನಮ್ಮ ಅಳಿಯನ ಹಂಗ," ಎಂದರು. ಅಳಿಯ ಮನೆಯಲ್ಲೇ ಇದ್ದಾರೆಂದೂ, ಬಂದು ಆರು ತಿಂಗಳಾಯಿತೆಂದೂ ತಾವಾಗಿಯೇ ಹೇಳಿದರು.

ಅಪ್ಪ ಮುಚ್ಚಳ ತೆಗೆದು ಕಡ್ಡಿ ಅದ್ದಿ ಎತ್ತಿದರು. ಎಣ್ಣೆ ಕಾಕಂಬಿಯ ಹಾಗೆ ಎಳೆಯಾಗಿ ಇಳಿಯಿತು. ಟ್ರ್ಯಾಕ್ಟರಿಗೆ ಹಾಕುವ ದಪ್ಪ ಗೇರ್ ಎಣ್ಣೆಯನ್ನು ಯಜಮಾನರೇ ತುಂಬಿಸಿದ್ದರು. ದಪ್ಪ ಎಣ್ಣೆ ಅಂದರೆ ತುಪ್ಪ, ತೆಳು ಎಣ್ಣೆ ಅಂದರೆ ಮಜ್ಜಿಗೆ ಎಂಬುದು ಅವರ ಲೆಕ್ಕ. ಈ ಗಾಡಿಯ ಗೇರ್ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಕ್ಕಿಂತ ಹೆಚ್ಚಾಗಿ ಎಣ್ಣೆಯೇ ಗಾಡಿಯನ್ನು ತಳ್ಳುತ್ತದೆ, ಅದಕ್ಕೆ ಎಂಜಿನ್ನಿಗೆ ಹಾಕುವಂಥ ತೆಳು ಎಣ್ಣೆಯೇ ಬೇಕು ಎಂದು ಅಪ್ಪ ಹೇಳಿದರು. ಯಜಮಾನರು ಕೇಳಲಿಲ್ಲ. ಎಂಜಿನ್ ಎಣ್ಣೆ ಗೇರಿಗೆ ಹಾಕುವುದು ಯಾವ ಊರಿನ ರಿವಾಜು ಎಂದು ಜಗಳಕ್ಕೇ ನಿಂತರು.

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಾ, ಪುಸ್ತಕದಲ್ಲಿ ಯಾವುದಕ್ಕೆ ಯಾವ ಎಣ್ಣೆ ಎಂದು ಬರೆದ ಪುಟವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಯಜಮಾನರು ತಲೆ ಅಲ್ಲಾಡಿಸಿದರು. "ಹಂಗಲ್ಲ ತಂಗಿ, ಅದರಾಗ ಇದ್ದಂಗ ಇಂಗ್ಲಿಷ್ನಾಗೇ ಓದು."

ಓದಿದೆ. ಒಂದೂ ಮಾತು ತಿಳಿಯದಿದ್ದರೂ ಪ್ರತಿ ಸಾಲಿಗೂ ಅವರು ಹೂಂಗುಟ್ಟಿದರು. ಮುಗಿದ ಮೇಲೆ, ಹಾಕ್ರಿ ಹಂಗಾದ್ರ, ಎಂದರು. ಯಾಕೆ ಹಾಗೆ ಎಂದು ಅಪ್ಪ ಕೇಳಿದ್ದಕ್ಕೆ ಅವರ ಉತ್ತರ ನನ್ನ ತಲೆಯಲ್ಲಿ ಇನ್ನೂ ಕೂತಿದೆ. "ಕನ್ನಡದಾಗ ಹೇಳಿದ್ರ ಮಾತಾಗ್ತದ್ರಿ. ಇಂಗ್ಲಿಷ್ನಾಗ ಹೇಳಿದ್ರ ರೂಲಾಗ್ತದ." ಹದಿನೇಳು ವರ್ಷ ನಾನು ಓದಿದ್ದು ಏನೆಂದು ಅವತ್ತು ನನಗೂ ಸ್ವಲ್ಪ ತಿಳಿಯಿತು.

ಒಂದು ವಾರಕ್ಕೆ ಅವರ ಫೋನ್ ಬಂತು. ಗಾಡಿ ಈಗ ಮುಂಜಾನೆ ಏಳಕ್ಕೇ ಹೊರಡುತ್ತದಂತೆ. ಅಪ್ಪ ಖುಷಿಯಾಗಿ ಫೋನ್ ಇಡಬೇಕೆನ್ನುವಾಗ ಅವರು ದನಿ ಇಳಿಸಿ ಕೇಳಿದರು.

"ಆ ಪುಸ್ತಕದಾಗ ಅಳಿಯಂದಿರಿಗಿ ಏನಾರ ಬರ್ದಾರೇನು, ತಂಗಿಗಿ ಜರಾ ನೋಡ್ಲಿಕ್ಕೆ ಹೇಳ್ರಿ."

ಬೇವಿನ ಮರದ ಮಿಸ್ತ್ರಿ

ನನ್ನ ಪರೀಕ್ಷೆ ಬಂದದ್ದು ಭಾಲ್ಕಿಯಲ್ಲಿ. ಮಿಷನ್ ಕಾಲದ ಹಳೆಯ ಸಾಲಿ, ಅದರ ಪಕ್ಕ ದಿಣ್ಣೆಯ ಮೇಲೆ ಚರ್ಚು. ಅಲ್ಲಿಯ ಗಾಡಿ ದಿಣ್ಣೆ ಹತ್ತುವುದನ್ನು ಬಿಟ್ಟಿತ್ತು. ಆದಿತ್ಯವಾರ ಮೈದಾನದಲ್ಲಿ ಚರ್ಚಿನ ಸಭೆಯವರಿಗೆಲ್ಲ ಊಟವಿತ್ತು, ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ಸದ್ಯಕ್ಕಿರಲಿ ಎಂದು ಹಲಬರ್ಗಾದ ಒಬ್ಬ ಕುರಿ ಕಾಯುವ ಕಾಕಾನನ್ನು ಮಂದೆಯ ಸಮೇತ ಒಳಗೆ ಬಿಟ್ಟಿದ್ದರು.

ಅದರ ಹಿಂದಿನ ವಾರ ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಎಣ್ಣೆ ಚೆಲ್ಲಿದವರೂ ಅವರೇ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಕೈ ನೆಟ್ಟಗಿದ್ದಿದ್ದರೆ ಐದು ನಿಮಿಷಕ್ಕೆ ನನ್ನಿಂದ ಸ್ಪ್ಯಾನರ್ ಕಸಿದುಕೊಳ್ಳುತ್ತಿದ್ದರು.

ಕಾಂಪೌಂಡ್ ನೋಡಿಕೊಳ್ಳುವವರು ನಿವೃತ್ತ ಟೀಚರಮ್ಮ. ಮಿಸ್ತ್ರಿ ಎಲ್ಲಿ ಎಂದು ಕೇಳಿದರು. ಅಪ್ಪ ಪ್ಲಾಸ್ಟರಿನ ಕೈಯಿಂದ ನನ್ನನ್ನು ತೋರಿಸಿದರು. ಟೀಚರಮ್ಮ ನನ್ನನ್ನು ದಾಟಿ ನನ್ನ ಹಿಂದೆ ಬಹಳ ಹೊತ್ತು ಹುಡುಕಿದರು. ಅಲ್ಲಿ ಒಂದು ಬೇವಿನ ಮರ ಮಾತ್ರ ಇತ್ತು.

ವಿಷಯ ತಿಳಿದ ಮೇಲೂ ಅವರು ನನ್ನ ಜೊತೆ ಮಾತಾಡಲಿಲ್ಲ. "ಆಕಿಗಿ ನೀರು ಬೇಕೇನು ಕೇಳ್ರಿ," ಎಂದು ಅಪ್ಪನಿಗೆ ಹೇಳಿದರು. ಅಪ್ಪ ನನ್ನನ್ನು ಕೇಳಿದರು. ನಾನು ಅಪ್ಪನಿಗೆ ತಲೆಯಾಡಿಸಿದೆ. ಬೇಕಂತ್ರಿ, ಎಂದು ಅಪ್ಪ ಟೀಚರಮ್ಮನಿಗೆ ತಿಳಿಸಿದರು.

ಮೂವರೂ ಟೀಚರಮ್ಮ ಹಿಡಿದಿದ್ದ ಒಂದೇ ಕೊಡೆಯ ನೆರಳಲ್ಲಿ ನಿಂತಿದ್ದೆವು.

ಹತ್ತು ಸಲ ಮುಂದೆ, ಹತ್ತು ಸಲ ಹಿಂದೆ

ಕೆಲಸ ಶುರುವಾಯಿತು. ನಡುವೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದ ಅಪ್ಪ ಕುರ್ಚಿಯಲ್ಲಿ ಕೂತರು. ನಾನು ಹುಲ್ಲು ಕತ್ತರಿಸುವ ಅಲಗಿನ ತಟ್ಟೆ ಬಿಚ್ಚಿಟ್ಟೆ, ಚಕ್ರ ಬಿಚ್ಚಿದೆ, ಪೆಟ್ಟಿಗೆ ಇಳಿಸಿ ಬೋರಲು ಹಾಕಿದೆ. ಎಣ್ಣೆ ತೊಟ್ಟಿಕ್ಕುತ್ತಿತ್ತು. ಕುರಿ ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಕೋಲೂರಿ ಕೂತ. ಮುಂಜಾನೆಯಿಂದ ತನ್ನ ಕುರಿಗಳು ಅರ್ಧ ಮೈದಾನ ಮುಗಿಸಿವೆ, ಮೇಲೆ ಗೊಬ್ಬರವನ್ನೂ ಹಾಕಿವೆ, ಒಂದಕ್ಕೂ ಎಣ್ಣೆ ಬದಲಿಸಬೇಕಾಗಲಿಲ್ಲ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಪೆಟ್ಟಿಗೆ ತೊಳೆದು, ಹೊಸ ಎಣ್ಣೆಯನ್ನು ಗುರುತಿನ ಗೆರೆತನಕ ತುಂಬಿಸಿ, ಎಲ್ಲ ಜೋಡಿಸಿದೆ. ಒಂದು ಬೋಲ್ಟೂ ಉಳಿಯಲಿಲ್ಲ. ಹತ್ತಿ ಕೂತು ಚಾಲೂ ಮಾಡಿ ಪೆಡಲ್ ಒತ್ತಿದೆ.

ಗಾಡಿ ಅಲುಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ಎಂಜಿನ್ ಗುರ್ರೆಂದಿತು, ಚಕ್ರ ಸುಮ್ಮನಿತ್ತು. ಟೀಚರಮ್ಮ ಅಪ್ಪನ ಕಡೆ ತಿರುಗಿದರು. "ಮದಲ ದಿಣ್ಣಿ ಅಷ್ಟೇ ಹತ್ತತಿರಲಿಲ್ಲ. ಈಗ ಸಪಾಟ ನೆಲದ ಮ್ಯಾಲೂ ಹೋಗವಲ್ದಲ್ರಿ." ಅಪ್ಪ ಕುರ್ಚಿಯಿಂದ ಅರ್ಧ ಎದ್ದರು, ಮಾತು ನೆನಪಾಗಿ ಮತ್ತೆ ಕೂತರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಅತ್ತೆ. ದವಾಖಾನೆಯವರಿಗೆ ಅವತ್ತೇ ಉತ್ತರ ಕೊಡಬೇಕಿತ್ತು. ಒಂದೇ ಕೈಯಲ್ಲಿ ತಡಕಾಡಿ ಅಪ್ಪ ಸ್ಪೀಕರ್ ಒತ್ತಿ, ಜರಾ ಹಿಡ್ಕೋ ಅಕ್ಕಾ, ಎಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಹಿಡಿದುಕೊಂಡರು.

ನಾನು ಪುಟ ತಿರುವುತ್ತಿದ್ದೆ. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ರಿಸೆಪ್ಷನ್ ಮೇಜು, ಅದರ ಹಿಂದೆ ನಾನು, ಮುಂದೆ ಉದ್ದನೆಯ ಸಾಲು, ಅದೊಂದೇ ಕಾಣುತ್ತಿತ್ತು. ಕಾಕಾ ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ, ಕಿವಿಯನ್ನೂ ಇಟ್ಟ.

"ಹೊಟ್ಟಿ ಉಬ್ಬ್ಯದ ಯವ್ವಾ. ಒಳಗ ಗಾಳಿ ಹೊಕ್ಕದ. ಕುರಿಗಿ ಹಿಂಗಾದ್ರ ಮುಂಗಾಲು ಎತ್ತಿ ಹಿಡದು ಹಿಂದ ಮುಂದ ಆಡಿಸ್ತೇವು. ಗಾಳಿ ಹೋದ್ರ ತಾನೇ ನಡೀತದ."

ನನ್ನ ಕೈ ಕೊನೆಯ ರಿಪೇರಿ ಭಾಗದ ಒಂದು ಪುಟದ ಮೇಲೆ ನಿಂತಿತು. ಹೊಸ ಎಣ್ಣೆ ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಮೆಲ್ಲಗೆ ಹಲವು ಸಲ ಮುಂದಕ್ಕೂ ಹಿಂದಕ್ಕೂ ಓಡಿಸಿ ಗಾಳಿ ತೆಗೆಯಿರಿ ಎಂದಿತ್ತು. ಪುಸ್ತಕ ಹಿಂಗಾಲು ಅಂದಿತ್ತು, ಕಾಕಾ ಮುಂಗಾಲು ಅಂದಿದ್ದ. ಅಷ್ಟೇ ಫರಕು.

ಜಾಕ್ ಕೊಟ್ಟು ಹಿಂಭಾಗ ಎತ್ತಿದೆ. ನಾನು ಹಿಂದೆ ನಿಂತು, ಒಳಗಿನ ಎಣ್ಣೆಯ ದಾರಿ ಸಡಿಲಿಸುವ ಒಂದು ಸಣ್ಣ ಸರಳು ಎಳೆದು ಹಿಡಿಯಬೇಕಿತ್ತು. ಸೀಟಿನ ಮೇಲೆ ಯಾರೂ ಇಲ್ಲದಿದ್ದರೆ ಎಂಜಿನ್ ನಿಂತುಹೋಗುತ್ತದೆ. ಅಪ್ಪ ಕುರ್ಚಿ ಬಿಡುವಂತಿಲ್ಲ, ಟೀಚರಮ್ಮನನ್ನು ಹತ್ತಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕಾಕಾನೇ ಹತ್ತಿ ಕೂತ, ಕೋಲನ್ನು ಅಡ್ಡ ಇಟ್ಟುಕೊಂಡು. ನಾನು ತೋರಿಸಿದ ಹಾಗೆ ಹತ್ತು ಸಲ ಮುಂದೆ, ಹತ್ತು ಸಲ ಹಿಂದೆ ಒತ್ತಿದ. ಸರಳು ಬಿಟ್ಟು ಮತ್ತೆ ಹತ್ತು ಹತ್ತು. ಚಕ್ರ ಗಾಳಿಯಲ್ಲಿ ತಿರುಗಿತು. ಕಾಕಾ ಗಂಭೀರವಾಗಿ ಹೇಳಿದ. "ಇಷ್ಟೊತ್ತು ಕೂತೇನಿ, ಇಷ್ಟು ಸಪ್ಪಳ ಆಗ್ಯದ, ಎಲ್ಲಿಗೂ ಹೋಗಿಲ್ಲ. ನಮ್ಮ ಪಂಚಾಯ್ತಿ ಮೀಟಿಂಗ್ ಇದ್ದಂಗ ಅದ."

ಜಾಕ್ ಇಳಿಸಿ, ಈಗ ಸ್ವಲ್ಪ ಒತ್ತಿ ನೋಡ್ರಿ, ಎಂದೆ. ನನ್ನ ದನಿಯಲ್ಲಿ ಎಂದೆ. ಸ್ವಲ್ಪ ಅನ್ನುವುದು ಎಂಜಿನ್ನಿನ ಸಪ್ಪಳದಲ್ಲಿ ಹೋಯಿತು. ಕಾಕಾ ಪೂರ್ತಿ ಒತ್ತಿದ.

ಗಾಡಿ ಹಾರಿತು. ಸೀದಾ ದಿಣ್ಣೆ ಹತ್ತಿತು, ಎಷ್ಟೋ ತಿಂಗಳ ಸಿಟ್ಟು ತೀರಿಸಿಕೊಳ್ಳುವ ಹಾಗೆ. ತಮ್ಮ ಯಜಮಾನ ಹೊರಟನೆಂದು ಕುರಿಗಳೂ ಮುಖ ಎತ್ತಿ ಅದರ ಹಿಂದೆ ಓಡಿದವು. ಮುಂದೆ ಚರ್ಚಿನ ಬಾಗಿಲು ತೆರೆದಿತ್ತು. ಕಾಲು ತೆಗೀರಿ ಕಾಕಾ, ಎಂದು ಒಮ್ಮೆ ಹೇಳಿದೆ. ನನಗೇ ಕೇಳಿಸಲಿಲ್ಲ. ಆಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ.

"ಕಾಕಾ, ಕಾಲ್ ತೆಗಿ!"

ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಕಾಕಾ ಕಾಲು ತೆಗೆದ, ಗಾಡಿ ಮೆಟ್ಟಿಲ ಹತ್ತಿರ ನಿಂತಿತು, ಹಿಂದೆ ಇಡೀ ಮಂದೆ ಸಾಲಾಗಿ ನಿಂತಿತು. ಎಂಜಿನ್ನೂ ಆರಿತು. ಆ ಮೌನದಲ್ಲಿ ಅಪ್ಪನ ತೊಡೆಯ ಮೇಲಿಂದ ಅತ್ತೆಯ ದನಿ ಬಂತು.

"ತಮ್ಮಾ, ಯಾರದು ಒದರಿದ್ದು?"

"ನಮ್ಮಾಕಿ, ಅಕ್ಕಾ."

"ಅವರು ಮೆತ್ತಗ ಮಾತಾಡೋ ಹುಡುಗಿ ಬೇಕಂದಾರ. ಈ ದನಿ ಕೇಳಿದ್ರ ಐಸಿಯುದಾಗ ಇದ್ದವರೂ ಎದ್ದು ಮನಿಗಿ ಹೋಗ್ತಾರ. ಬಿಡು, ಬ್ಯಾರೆ ಯಾರನ್ನಾರ ನೋಡ್ತೇನಿ." ಅತ್ತೆ ಫೋನ್ ಇಟ್ಟರು.

ಅಕ್ಕನಿಗೆ ಹೇಳಲೆಂದು ಅಪ್ಪ ಎರಡು ವಾರದಿಂದ ಕೂಡಿಹಾಕಿದ್ದ ಧೈರ್ಯ ಖರ್ಚಾಗದೆ ಹಾಗೇ ಉಳಿಯಿತು. ಅವರು ಎಡಗೈಯಿಂದ ಸ್ಪ್ಯಾನರ್ ಎತ್ತಿ ಒರೆಸಿ ನನ್ನ ಡಬ್ಬಿಯಲ್ಲಿಟ್ಟರು. ಮಾತಿಗೆ ಬದಲು ಸ್ಪ್ಯಾನರ್ ಹಿಡಿಯುವ ಕಾಯಿಲೆ ನಮ್ಮ ಮನೆಯಲ್ಲಿ ಇಬ್ಬರಿಗೂ ಇದೆ.

ಆಗ ಟೀಚರಮ್ಮ ತಂಬಿಗೆ ಹಿಡಿದು ಬಂದರು. ಅಪ್ಪನನ್ನು ದಾಟಿ, ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ನೀರು ಬೇಕೇನವ್ವಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಹೆಜ್ಜೆ ಹಿಂದೆ ಸರಿದು, "ಮೆತ್ತಗ ಹೇಳು. ನನಗ ಕಿವಿ ಕೇಳ್ತಾವ," ಎಂದರು.